ಹಳೇ ಡಿಸ್ಕಿನ ಹಲ್ಲು ಎಣಿಸುವುದು ಹೇಗೆ?

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ತಿಳಿದ ಮೇಲೆಯೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಆದರೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಭಾಗಕ್ಕೆ ಹಲ್ಲು ಎಲ್ಲಿದೆ?

ಹಿರಿಯೂರು ತಾಲ್ಲೂಕಿನ ಐಮಂಗಲದಿಂದ ಮಗನ ಜೊತೆ ಬೆಂಗಳೂರಿಗೆ ಬಂದಿದ್ದ ರೈತರೊಬ್ಬರಿಗೆ ಕಾಡಿದ್ದು ಇದೇ ಪ್ರಶ್ನೆ. ಮಗನ ಡಿಪ್ಲೊಮಾ ಓದಿಗೆ ಕಂಪ್ಯೂಟರ್ ಬೇಕಿತ್ತು. ಕೈಯಲ್ಲಿದ್ದದ್ದು ಶೇಂಗಾ ಮಾರಿದ ಹಣ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಹಾರ್ಡ್ ಡಿಸ್ಕನ್ನು ಕೈಲಿ ಹಿಡಿದು, “ಇದು ಎಷ್ಟು ವರ್ಷ ದುಡಿದಿದೆ, ಸ್ವಾಮಿ?” ಎಂದರು.

“ಹೊಸದರ ಹಾಗೇ ಇದೆ, ಯಜಮಾನ್ರೇ.”

ಉತ್ತರ ಜಾರಿಕೆಯದು, ಪ್ರಶ್ನೆ ಮಾತ್ರ ಸರಿಯಾಗಿತ್ತು. ಡಿಸ್ಕಿನ ದುಡಿಮೆಯ ಲೆಕ್ಕ ಅದರೊಳಗೇ ಇರುತ್ತದೆ. ‘ಸ್ಮಾರ್ಟ್’ ಎಂಬ ಆ ದಾಖಲೆಯನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ತಂತ್ರಾಂಶ ಓದಿ ತೋರಿಸುತ್ತದೆ. ಮಗ ಅದನ್ನು ಹಾಕಿ ನೋಡಿಸಿದ. 41,000 ಗಂಟೆ! ವರ್ಷಕ್ಕೆ 8,760 ಗಂಟೆಯಾದರೆ, ನಾಲ್ಕೂವರೆ ವರ್ಷಕ್ಕೂ ಮಿಕ್ಕಿ ಹಗಲಿರುಳು ಓಡಿದ ಲೆಕ್ಕ.

“ಬಿಡು ಮಗಾ, ದಣಿದಿದೆ,” ಎಂದರು ಅಪ್ಪ.

ಗಂಟೆಗಿಂತಲೂ ಮುಖ್ಯವಾದ ಎರಡು ಸಾಲುಗಳಿವೆ: ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು ‘ಪೆಂಡಿಂಗ್ ಸೆಕ್ಟರ್’. ಮೊದಲನೆಯದು ಡಿಸ್ಕು ಕೆಟ್ಟಿತೆಂದು ಈಗಾಗಲೇ ಕೈಬಿಟ್ಟ ಜಾಗ, ಎರಡನೆಯದು ಓದಲು ತಿಣುಕುತ್ತಿರುವ ಜಾಗ. ಎರಡೂ ಸೊನ್ನೆಯಾಗಿರಬೇಕು. ಹಾಗೆಂದು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಎಣಿಕೆಯನ್ನು ಅಳಿಸಿ, ಹಳೆಯ ಡಿಸ್ಕುಗಳನ್ನು ಹೊಸವೆಂದು ಮಾರಿದ ಪ್ರಕರಣ 2025ರ ಆರಂಭದಲ್ಲಿ ಜರ್ಮನಿಯಲ್ಲೇ ಬಯಲಾಯಿತು.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ. ಅದು ಸವೆಯುವುದು ಬರೆದಷ್ಟೂ. 250 ಜಿ.ಬಿ.ಯ ಸ್ಯಾಮ್‌ಸಂಗ್ 870 ಇವೊಗೆ ತಯಾರಕರು ಹೇಳುವ ಬರವಣಿಗೆಯ ಮಿತಿ 150 ಟೆರಾಬೈಟ್. ದಿನಕ್ಕೆ 20 ಜಿ.ಬಿ. ಬರೆದರೂ ಅದು ಮುಗಿಯಲು ಇಪ್ಪತ್ತು ವರ್ಷ ಬೇಕು. ಆದರೆ ಒಳಗಿನ ಸರ್ಕ್ಯೂಟು ಕೈಕೊಟ್ಟರೆ ಮುನ್ಸೂಚನೆಯೇ ಇಲ್ಲದೆ ಎಲ್ಲವೂ ಹೋಗಬಹುದು.

ರ‍್ಯಾಮ್‌ನ ಸ್ವಭಾವ ಬೇರೆ. ಅದು ಬಳಸಿದಷ್ಟೂ ಸವೆಯುವ ವಸ್ತುವಲ್ಲ. ಡಿಡಿಆರ್3, ಡಿಡಿಆರ್4 ಎಂಬ ಪೀಳಿಗೆ ನಮ್ಮ ಬೋರ್ಡಿಗೆ ಹೊಂದಬೇಕು. ತಪ್ಪಿದರೆ ಕಚ್ಚು ಕೂರುವುದೇ ಇಲ್ಲ. ಮನೆಗೆ ತಂದು ಮೆಮ್‌ಟೆಸ್ಟ್ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಬೇಕು. ಒಂದೇ ಒಂದು ದೋಷ ಕಂಡರೂ ಹಿಂದಿರುಗಿಸಬೇಕು. ಹಿಂದಿರುಗಿಸುವ ಮಾತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಜಾಣತನ.

ಕೊನೆಗೆ ಆ ತಂದೆ ಮಗ ರ‍್ಯಾಮನ್ನು ಹಳೆಯದೇ ಕೊಂಡರು, ಎಸ್‌ಎಸ್‌ಡಿಯನ್ನು ವಾರಂಟಿ ಸಹಿತ ಹೊಸದು. ಬಡತನದಲ್ಲಿ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬ ವಿವೇಕ ಇದು. ರ‍್ಯಾಮ್ ಕೆಟ್ಟರೆ ಹೋಗುವುದು ಹಣ. ಡಿಸ್ಕು ಕೆಟ್ಟರೆ ಹೋಗುವುದು ಮೂರು ವರ್ಷದ ಓದು, ಪ್ರಾಜೆಕ್ಟು, ತೀರಿಕೊಂಡ ಅಜ್ಜಿಯ ಫೋಟೊ. ಹೊಸ ಡಿಸ್ಕೂ ಒಂದು ದಿನ ಕೆಡುವಂಥದ್ದೇ. ಆದ್ದರಿಂದ ಮಕ್ಕಳು ಬರೆದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇದೆಯೇ ಎಂದು ತಂದೆ ತಾಯಿ ಆಗಾಗ ಕೇಳುತ್ತಿರಲಿ. ಅದಕ್ಕೆ ಕಂಪ್ಯೂಟರ್ ಜ್ಞಾನವೇನೂ ಬೇಕಿಲ್ಲ.