ಹರಾಮ್ ಎಂದು ಹೇಳಿದ ಮೇಲೆ

ಮಾಕಳಿಯ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಸ್ತ್ರೀಯರ ಕುರ್‌ಆನ್ ತರಗತಿ ನಡೆಯುತ್ತದೆ. ಬರುವವರಲ್ಲಿ ಹೆಚ್ಚಿನವರು ಪೀಣ್ಯದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಎರಡು ವರ್ಷಗಳ ಹಿಂದೆ ಒಂದು ದಿನ ಎಲ್ಲರೂ ಹೊರಟ ಮೇಲೂ ಒಬ್ಬಳು ಹುಡುಗಿ ಕುಳಿತೇ ಇದ್ದಳು. ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ.

“ಆಪಾ, ರಾತ್ರಿ ನಿದ್ದೆ ಬರೋದಿಲ್ಲ. ಅದಕ್ಕೇ ಸ್ವಲ್ಪ ಕುಡೀತೀನಿ” ಎಂದಳು.

ನಾನು ಅಲ್ ಮಾಇದಃ ಅಧ್ಯಾಯದ 90ನೇ ಸೂಕ್ತವನ್ನು ನೆನಪಿಸಿದೆ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಕೆ ತಲೆಯಾಡಿಸಿ ಹೋದಳು, ಮತ್ತೆ ಎರಡು ತಿಂಗಳು ಬರಲಿಲ್ಲ. ನಿದ್ದೆ ಏಕೆ ಬರುವುದಿಲ್ಲ ಎಂದು ನಾನು ಕೇಳಿಯೇ ಇರಲಿಲ್ಲ.

ಕೊನೆಗೆ ಆಕೆಯ ಬಾಡಿಗೆ ಕೋಣೆಗೆ ನಾನೇ ಹೋದೆ. ಗಂಡ ತೀರಿಕೊಂಡಿದ್ದ. ಅವನಿಂದ ಎಚ್‌ಐವಿ ಸೋಂಕು ತಗಲಿತ್ತು. ಅತ್ತೆಯ ಮನೆಯಲ್ಲಿ ಅವಳ ತಟ್ಟೆ ಲೋಟಗಳನ್ನು ಬೇರೆ ಇಟ್ಟು, ಆಮೇಲೆ ಅವಳನ್ನೇ ಹೊರಗಿಟ್ಟರು. ಎಆರ್‌ಟಿ ಮಾತ್ರೆ ಸರಕಾರಿ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತಿತ್ತು. ಆದರೆ ಕುಡಿದ ರಾತ್ರಿ ಮಾತ್ರೆ ನುಂಗಿದರೆ ವಿಷವಾಗುತ್ತದೆಂದು ಯಾರೋ ಹೇಳಿದ್ದರಂತೆ. ಕುಡಿದ ದಿನಗಳಲ್ಲೆಲ್ಲ ಮಾತ್ರೆ ಬಿಡುತ್ತಿದ್ದಳು.

ಅಂದು ರಾತ್ರಿ ಬುಖಾರಿಯ ಒಂದು ಹದೀಸ್ ನನ್ನನ್ನು ಮಲಗಗೊಡಲಿಲ್ಲ. ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದ ಅಬ್ದುಲ್ಲಾ ಎಂಬ ಸಹಾಬಿ ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೆ ಒಳಗಾಗುತ್ತಿದ್ದರು. ಅಲ್ಲಿದ್ದವರೊಬ್ಬರು ಅವರನ್ನು ಶಪಿಸಿದಾಗ ಪ್ರವಾದಿ(ಸ) ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಶಿಕ್ಷೆ ರದ್ದಾಗಲಿಲ್ಲ, ಕುಡಿತ ಹಲಾಲ್ ಆಗಲಿಲ್ಲ. ಆದರೂ ಆ ಮನುಷ್ಯ ಮಜ್ಲಿಸ್‌ನಿಂದ ಹೊರಬೀಳಲಿಲ್ಲ. ನನ್ನ ಮಜ್ಲಿಸ್‌ನಿಂದ ಈ ಹುಡುಗಿ ಹೊರಬಿದ್ದಿದ್ದಳು. ಗಂಡಸು ಕುಡಿದರೆ ದುಆ ಮಾಡಿ ಎನ್ನುವ ನಾವು, ಹೆಣ್ಣು ಕುಡಿದಳೆಂದರೆ ಬಾಗಿಲು ಹಾಕಿಕೊಳ್ಳುತ್ತೇವೆ.

ನಾವಿಬ್ಬರೂ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. “ಇವತ್ತಿನಿಂದಲೇ ನಿಲ್ಲಿಸಿಬಿಡು” ಎಂದು ನಾನು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಅದೂ ಅರ್ಧ ತಿಳಿವಳಿಕೆಯ ಮಾತು. ಬಹುದಿನ ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ ನಡುಕ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ವೈದ್ಯರ ಔಷಧಿಯ ನೆರವಿನಲ್ಲೇ ಬಿಡಿಸಬೇಕಾಗುತ್ತದೆ. ಆಕೆಗಿದ್ದದ್ದು ಖಿನ್ನತೆ ಎಂದರು, ಅದಕ್ಕೂ ಚಿಕಿತ್ಸೆ ಆರಂಭವಾಯಿತು. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿ ಹೇಳಿದ ಮಾತು ನನಗೆ ಹೊಸದು: ಕುಡಿತ ಬಿಡಲೇಬೇಕು, ಆದರೆ ಕುಡಿದ ದಿನವೂ ಎಚ್‌ಐವಿ ಮಾತ್ರೆ ತಪ್ಪಿಸಬಾರದು. ತಪ್ಪಿಸಿದಷ್ಟೂ ವೈರಾಣು ಔಷಧಿಗೆ ಬಗ್ಗದಂತಾಗುತ್ತದೆ. ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ, ದಾಂಪತ್ಯ ಸಂಬಂಧದಿಂದಲೂ ಸೋಂಕು ದಾಟುವುದಿಲ್ಲ. ತಟ್ಟೆ ಲೋಟದಿಂದಂತೂ ಅದು ಎಂದೂ ಹರಡುವುದಿಲ್ಲ.

ಕಾರ್ಖಾನೆಯಲ್ಲಿ ತಿಳಿದರೆ ಕೆಲಸ ಹೋಗುತ್ತದೆಂಬ ಭಯವೂ ಅವಳಿಗಿತ್ತು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ತಾರತಮ್ಯದಿಂದ ಕೆಲಸದಿಂದ ತೆಗೆಯುವುದನ್ನು ಅದು ನಿಷೇಧಿಸುತ್ತದೆ. ಹೆಸರು ಹೇಳದೆ ವಿಚಾರಿಸಬಯಸುವ ಸಹೋದರಿಯರಿಗೆ ಎಚ್‌ಐವಿ ಕುರಿತ 1097, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416 ಇವೆ. ಎರಡೂ ಉಚಿತ.

ಆಕೆಯ ಒಪ್ಪಿಗೆ ಪಡೆದೇ, ಗುರುತು ಸಿಗುವ ವಿವರಗಳನ್ನು ಬಿಟ್ಟು ಇದನ್ನು ಬರೆದಿದ್ದೇನೆ. ಎಲ್ಲವೂ ನೇರವಾಯಿತೆಂದು ಹೇಳಲಾರೆ. ಕಳೆದ ಶಾಬಾನ್‌ನಲ್ಲಿ ಒಮ್ಮೆ ಮತ್ತೆ ಕುಡಿದಳು. ಮರುದಿನ ಬೆಳಿಗ್ಗೆ ತಾನೇ ಫೋನ್ ಮಾಡಿ, “ಆಪಾ, ಮಾತ್ರೆ ಮಾತ್ರ ಬಿಡಲಿಲ್ಲ” ಎಂದಳು. ಈ ಬಾರಿ ನಾನು ಸೂಕ್ತ ಓದಲಿಲ್ಲ. ತಿಂಡಿ ಆಯಿತೇ ಎಂದು ಕೇಳಿದೆ. ಆಗಿಲ್ಲ ಎಂದಳು. ಮನೆಗೆ ಬಾ ಎಂದೆ, ಬಂದಳು.