ತೋಳಗಳನ್ನು ನಂಬಿದವನು

ಇಂದ್ರ ದಾಸ್ ಅವರ ‘ದಿ ಡಿವೌರರ್ಸ್’ ಕಾದಂಬರಿಯಲ್ಲಿ ನರಭಕ್ಷಕರಿದ್ದಾರೆ. ರೂಪ ಬದಲಿಸುವ ತೋಳಮನುಷ್ಯರು. ಯುರೋಪಿನಿಂದ ಅಲೆಯುತ್ತ ಷಹಜಹಾನನ ಹಿಂದೂಸ್ತಾನಕ್ಕೆ ಬಂದವರು. ಕಥೆ ಶುರುವಾಗುವುದು ಮಾತ್ರ ಈಗಿನ ಕೋಲ್ಕತ್ತದಲ್ಲಿ. ಬಾವುಲ್ ಹಾಡುಗಾರರ ಮೇಳದಲ್ಲಿ ಇತಿಹಾಸದ ಪ್ರಾಧ್ಯಾಪಕ ಅಲೋಕ್‌ಗೆ ಒಬ್ಬ ಅಪರಿಚಿತ ಸಿಗುತ್ತಾನೆ, ತಾನು ಅರ್ಧ ತೋಳ ಎನ್ನುತ್ತಾನೆ, ಚರ್ಮದ ಸುರುಳಿಗಳ ಮೇಲಿದ್ದ ಹಳೆಯ ಬರಹವನ್ನು ಬೆರಳಚ್ಚು ಮಾಡಿಕೊಡು ಎಂದು ಕೇಳುತ್ತಾನೆ. ಆ ಚರ್ಮ ಯಾವ ಪ್ರಾಣಿಯದು ಎಂದು ವಿಚಾರಿಸದಿದ್ದರೆ ಒಳ್ಳೆಯದು.

ಇಷ್ಟನ್ನೂ ಒಂದೂ ತಕರಾರಿಲ್ಲದೆ ನಂಬಿದವನು ನಾನು. ನಮ್ಮ ಓದುಗರ ಬಳಗದಲ್ಲಿ ಈ ಪುಸ್ತಕದ ಬಗ್ಗೆ ಮಾತಾಡಲು ಹೇಳಿದಾಗ ಉತ್ಸಾಹದಿಂದಲೇ ಒಪ್ಪಿಕೊಂಡೆ. ಹಿಂದೊಮ್ಮೆ ಅಲ್ಲಿಯೇ ವಸುಧೇಂದ್ರರ ಸಲಿಂಗಪ್ರೇಮದ ಕಥೆಗಳ ‘ಮೋಹನಸ್ವಾಮಿ’ಯನ್ನು ಹೊಗಳಿದ್ದೆನಲ್ಲ, ಇಂಥ ವಿಷಯದಲ್ಲಿ ನಾನು ಪಾಸಾದವನು ಎಂಬ ಗತ್ತೂ ಇತ್ತು.

ಅಲೋಕ್‌ಗೂ ಆ ಅಪರಿಚಿತನಿಗೂ ನಡುವೆ ಬೆಳೆಯುವುದು ಪ್ರೇಮ. ನಾನು ಅದನ್ನು ರೂಪಕ ಎಂದೆ. ಇತಿಹಾಸಕಾರನಿಗೆ ಇತಿಹಾಸದ ಮೇಲಿನ ಮೋಹವಂತೆ! ಅದಕ್ಕೆ ಪುರಾವೆಯನ್ನೂ ಒದಗಿಸಿದೆ: 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತು, ಪುಸ್ತಕ ಬಂದದ್ದು 2015ರಲ್ಲಿ, ಸೆಕ್ಷನ್ನಿನ ಹಲ್ಲು ಕಿತ್ತದ್ದು 2018ರಲ್ಲಿ, ಹಾಗಾಗಿ ಲೇಖಕರು ಹೇಳಬೇಕಾದ್ದನ್ನು ಮುಚ್ಚಿಟ್ಟು ಹೇಳಿದ್ದಾರೆ. ಇಸವಿಗಳೆಲ್ಲ ಸರಿ. ಆದರೆ ಪುಸ್ತಕದಲ್ಲಿ ಮುಚ್ಚಿಟ್ಟದ್ದೇ ಇಲ್ಲ. ಅವರಿಬ್ಬರ ದೇಹಗಳೂ ಸೇರುತ್ತವೆ, ಅದನ್ನು ಬಿಡಿಸಿಯೇ ಬರೆದಿದೆ. ನನ್ನ ಕಣ್ಣು ಆ ಪುಟಗಳ ಮೇಲೆ ಓಡಿತ್ತು, ಅಷ್ಟೇ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು ಕೇಳಿದ: “ಸಾರ್, ಫೆನ್ರಿರ್‌ನದು ದುರಂತ ಪ್ರೇಮ ಅಂದ್ರಿ. ಅದು ಮಾತ್ರ ಯಾಕೆ ರೂಪಕ ಅಲ್ಲ?”

ನಾನು ಏನೋ ತೊದಲಿದೆ. ಚಹಾ ಬಂದದ್ದರಿಂದ ಮಾನ ಉಳಿಯಿತು.

ಫೆನ್ರಿರ್ ಆ ತೋಳಗಳಲ್ಲೊಬ್ಬ. ಸೈರಾ ಎಂಬ ಹೆಂಗಸಿನ ಮೇಲೆ ಅತ್ಯಾಚಾರ ಮಾಡುತ್ತಾನೆ. ಬರೀ ತಿಂದು ಸಾಕಾಗಿ, ಮನುಷ್ಯರ ಹಾಗೆ ಮಗುವನ್ನು ಹುಟ್ಟಿಸಬೇಕೆಂಬ ಆಸೆಯಂತೆ ಅವನಿಗೆ. ಆಮೇಲೆ ಸುಂದರವಾದ ಭಾಷೆಯಲ್ಲಿ ಅವಳನ್ನೇ ಉದ್ದೇಶಿಸಿ ಬರೆಯುತ್ತಾನೆ, ಇದು ಪ್ರೀತಿ ಎನ್ನುತ್ತಾನೆ. ಎರಡನೆಯ ಸುರುಳಿಯಲ್ಲಿ ಸೈರಾ ತಾನೇ ಮಾತಾಡಿ ಆ ಸುಂದರ ಭಾಷೆಯ ಬಣ್ಣ ಬಯಲು ಮಾಡುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಅವಳ ಕಟು ದನಿಯೇ. ಹಾಗಿದ್ದೂ ಬಳಗದ ಮುಂದೆ ನಿಂತಾಗ ಪ್ರೇಮ ಎಂಬ ಹೆಸರನ್ನು ನಾನು ಕೊಟ್ಟದ್ದು ಅವಳನ್ನು ಕೆಡಿಸಿದವನಿಗೆ. ಅವನು ಗಂಡು, ಅವಳು ಹೆಣ್ಣು. ನನ್ನ ತಲೆಗೆ ಅಷ್ಟೇ ಸಾಕಾಗಿತ್ತು. ಪರಸ್ಪರ ಒಪ್ಪಿ ಹತ್ತಿರವಾದ ಇಬ್ಬರು ಗಂಡಸರಿಗೆ ಮಾತ್ರ ವ್ಯಾಖ್ಯಾನ ಬೇಕಾಯಿತು. ‘ಮೋಹನಸ್ವಾಮಿ’ಯನ್ನು ಮೆಚ್ಚಿದ್ದೂ ಬಹುಶಃ ಅಲ್ಲಿನ ನೋವಿಗೆ ಮರುಗಿಯೇ ಇರಬೇಕು. ಮರುಕ ಸುಲಭ. ಅಲೋಕ್ ನನ್ನಿಂದ ಮರುಕ ಕೇಳಲಿಲ್ಲ, ಅವನಿಗೆ ಆಸೆಯಿತ್ತು.

ಆ ಹುಡುಗ ಮುಂದಿನ ಸಭೆಗೆ ಬರಲಿಲ್ಲ. ಕಾರಣ ನಾನೇ ಎಂದುಕೊಳ್ಳುವುದೂ ಒಂದು ಬಗೆಯ ಅಹಂಕಾರವೇ, ಪರೀಕ್ಷೆ ಇತ್ತೇನೋ.

ಕಾದಂಬರಿಯನ್ನು ಮತ್ತೆ ಓದಿದ್ದೇನೆ. ಅಲೋಕ್‌ನ ಭಾಗಗಳು ಸೈರಾಳ ಭಾಗದಷ್ಟು ಗಟ್ಟಿಯಾಗಿಲ್ಲ ಎಂಬ ತಕರಾರು ಈಗಲೂ ಇದೆ. ಅಪರಿಚಿತ ತುಸು ಹೆಚ್ಚೇ ನಿಗೂಢ, ಅಲೋಕ್ ಅಗತ್ಯಕ್ಕಿಂತ ಬೇಗ ಮರುಳಾಗುತ್ತಾನೆ. ಪ್ರೇಮಕಥೆಯಾಗಿ ಅದು ಇನ್ನೂ ನಿಧಾನವಾಗಿ ಬೇಯಬೇಕಿತ್ತು.