ಬುದ್ಧಿಹಲ್ಲಿನ ವಿಚಾರ

ಮನುಷ್ಯನ ಬಾಯಿಯಲ್ಲಿ ಎಲ್ಲ ಹಲ್ಲುಗಳಿಗಿಂತ ತಡವಾಗಿ ಬಂದು, ಎಲ್ಲಕ್ಕಿಂತ ಹಿಂದೆ ಕುಳಿತು, ಎಲ್ಲಕ್ಕಿಂತ ಕಡಮೆ ಕೆಲಸ ಮಾಡುವ ಹಲ್ಲಿಗೆ ನಮ್ಮವರು ಬುದ್ಧಿಹಲ್ಲೆಂದು ಹೆಸರಿಟ್ಟಿದ್ದಾರೆ. ಈ ವಿನೋದವು ನಮ್ಮೊಬ್ಬರದೇ ಅಲ್ಲ. ಹಿಂದೀ ಭಾಷೆಯವರು ಅದನ್ನು ಅಕಲ್ ದಾಢ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿಯೂ ಅದು ಜ್ಞಾನದ ಹಲ್ಲೇ. ತುರ್ಕೀ ಭಾಷೆಗೆ ಈ ಅಲಂಕಾರ ಬೇಕಾಗಲಿಲ್ಲ. ಅಲ್ಲಿ ಅದು ಇಪ್ಪತ್ತು ವರ್ಷದ ಹಲ್ಲು. ಕೊರಿಯಾದವರಿಗೆ ಅದು ಪ್ರೇಮದ ಹಲ್ಲು. ನನಗೆ ಹೆಚ್ಚಾಗಿ ಹಿಡಿಸಿದುದು ಜಪಾನೀಯರು ಇಟ್ಟಿರುವ ಹೆಸರು. ‘ತಂದೆತಾಯಿಗಳು ಅರಿಯದುದು’ ಎಂದು ಅದರ ಅರ್ಥ. ಮಗುವಿನ ಮೊದಲ ಹಲ್ಲನ್ನು ಮನೆಮಂದಿಯೆಲ್ಲ ಬೆರಳಿಟ್ಟು ನೋಡಿ ಹಿಗ್ಗುತ್ತಾರೆ. ಈ ಕಡೆಯ ಹಲ್ಲು ೧೭ರಿಂದ ೨೫ ವರ್ಷಗಳ ನಡುವೆ ತಲೆಯೆತ್ತುವಾಗ, ಮಗನೋ ಮಗಳೋ ಪರಸ್ಥಳದ ವಿದ್ಯಾರ್ಥಿನಿಲಯದಲ್ಲಿ ಒಬ್ಬರೇ ಕೆನ್ನೆ ಹಿಡಿದುಕೊಂಡು ಕುಳಿತಿರುತ್ತಾರೆ.

ನಮ್ಮ ಮನೆಯಲ್ಲಿ ಎರಡು ವರ್ಷಗಳ ಅಂತರದಲ್ಲಿ ಇಂತಹ ಎರಡು ಹಲ್ಲುಗಳ ಪ್ರಸಂಗ ನಡೆಯಿತು. ಒಂದು ನನ್ನದು, ಇನ್ನೊಂದು ನನ್ನ ಅಣ್ಣನ ಮಗಳದು. ನನ್ನದು ಮೇಲ್ದವಡೆಯ ಹಲ್ಲು. ಅದು ಹೊರಗಡೆಗೆ ವಾಲಿ ಕೆನ್ನೆಯನ್ನು ಕಚ್ಚುತ್ತಿತ್ತು. ವೈದ್ಯರು ಸೂಜಿಮದ್ದು ಕೊಟ್ಟು, ಕೆಲವೇ ನಿಮಿಷಗಳಲ್ಲಿ ಅದನ್ನು ತೆಗೆದು ತಟ್ಟೆಯಲ್ಲಿಟ್ಟರು. ಮರುದಿನವೇ ನಾನು ಮೊಸರನ್ನವನ್ನುಂಡು ಕಛೇರಿಗೆ ಹೋದೆನು. ಇದರಿಂದ ನಮ್ಮ ಬಂಧುವರ್ಗದಲ್ಲಿ ಒಂದು ಸಿದ್ಧಾಂತ ಹುಟ್ಟಿಕೊಂಡಿತು: ಬುದ್ಧಿಹಲ್ಲು ಕೀಳಿಸುವುದು ಐದು ನಿಮಿಷದ ಕೆಲಸ. ಪಕ್ಕದ ಮನೆಯವರದು ಇದಕ್ಕೆ ವಿರುದ್ಧ ಸಿದ್ಧಾಂತ. ಅವರ ಸೋದರಳಿಯನು ಎಂಟು ದಿನ ಬಾಯಿ ತೆರೆಯಲಾರದೆ ಮಲಗಿದ್ದನಂತೆ. ಎರಡೂ ನಿಜವಿರಬಹುದು. ಆದರೆ ಒಬ್ಬರ ಹಲ್ಲಿನ ಚರಿತ್ರೆಯಿಂದ ಇನ್ನೊಬ್ಬರ ಹಲ್ಲಿನ ಭವಿಷ್ಯ ಹೇಳುವುದು ಸಾಧ್ಯವಿಲ್ಲ. ಮೇಲ್ದವಡೆಯ ಎಲುಬು ಮೆತ್ತಗಿನದು, ಕೆಳದವಡೆಯದು ಗಟ್ಟಿ. ನೆಟ್ಟಗೆ ಬಂದ ಹಲ್ಲು ಬೇರೆ, ಎಲುಬಿನೊಳಗೆ ಅಡ್ಡಲಾಗಿ ಮಲಗಿ ಮುಂದಿನ ಹಲ್ಲನ್ನು ನೂಕುತ್ತಿರುವ ಹಲ್ಲು ಬೇರೆ. ಇದನ್ನು ಕ್ಷ-ಕಿರಣದ ಚಿತ್ರವೇ ಹೇಳಬೇಕು, ನೆಂಟರಲ್ಲ.

ಮೊದಲನೆಯ ಪ್ರಶ್ನೆ, ಅದನ್ನು ಕೀಳಿಸಲೇಬೇಕೆ ಎಂಬುದು. ಅರ್ಧ ಹೊರಬಂದ ಹಲ್ಲಿನ ಮೇಲೆ ವಸಡು ಮುಚ್ಚಳದಂತೆ ನಿಂತು, ಅದರ ಕೆಳಗೆ ಅನ್ನದ ಅಗುಳು ಸೇರಿ, ಮೇಲಿಂದಮೇಲೆ ಬಾತು ಕೀವಾಗುತ್ತಿದ್ದರೆ ಕೀಳಿಸುವುದೇ ಲೇಸು. ಹಲ್ಲು ಹುಳುಕಾಗಿದ್ದರೆ, ಪಕ್ಕದ ಒಳ್ಳೆಯ ಹಲ್ಲನ್ನು ಕೆಡಿಸುತ್ತಿದ್ದರೆ, ದವಡೆಯೊಳಗೆ ನೀರುಗಂಟು ಕಟ್ಟಿದ್ದರೆ ತಡಮಾಡಬಾರದು. ಆದರೆ ಯಾವ ತೊಂದರೆಯನ್ನೂ ಕೊಡದೆ ಎಲುಬಿನಲ್ಲಿ ಹುದುಗಿರುವ ಹಲ್ಲನ್ನು ‘ಮುಂದೆ ತೊಂದರೆ ಕೊಟ್ಟೀತು’ ಎಂದು ತೆಗೆಯುವ ಪದ್ಧತಿಯ ವಿಷಯದಲ್ಲಿ ವೈದ್ಯರಲ್ಲಿಯೇ ಏಕಾಭಿಪ್ರಾಯವಿಲ್ಲ. ಇಂಗ್ಲೆಂಡಿನ ಸರಕಾರೀ ವೈದ್ಯವ್ಯವಸ್ಥೆಗೆ ಸಲಹೆ ಕೊಡುವ ಸಂಸ್ಥೆಯು ೨೦೦೦ದಲ್ಲಿಯೇ ಆ ಪದ್ಧತಿ ನಿಲ್ಲಬೇಕೆಂದು ಹೇಳಿತು. ಬೇರುಗಳು ಪೂರ್ತಿ ಬೆಳೆಯುವ ಮುನ್ನ, ಎಳೆಯ ವಯಸ್ಸಿನಲ್ಲಿಯೇ ತೆಗೆದರೆ ಗಾಯ ಬೇಗ ಮಾಯುತ್ತದೆಂಬ ಎದುರುವಾದದಲ್ಲಿಯೂ ಹುರುಳಿದೆ. ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆಂಬ ಕಾರಣಕ್ಕೆ ಕೀಳಿಸುವುದನ್ನು ಮಾತ್ರ ಇಂದಿನ ಶಾಸ್ತ್ರ ಒಪ್ಪುವುದಿಲ್ಲ.

ಅಣ್ಣನ ಮಗಳಿಗೆ ಆಗ ೨೪ ವರ್ಷ. ಕೊಳಲು ಅವಳ ವೃತ್ತಿ. ಕಚೇರಿಗಳಲ್ಲಿ ನುಡಿಸುತ್ತಾಳೆ, ಮಕ್ಕಳಿಗೆ ಪಾಠ ಹೇಳುತ್ತಾಳೆ. ಕೆಳಗಿನ ಬಲದವಡೆಯ ಹಲ್ಲು ಒಂದು ವರ್ಷದಲ್ಲಿ ಮೂರು ಸಲ ಬಾತಿತ್ತು. ನಮ್ಮೂರಿನ ದಂತವೈದ್ಯರು ಚಿತ್ರವನ್ನು ತೆಗೆದು ನೋಡಿ, “ಇದು ನನ್ನ ಕೈಯ ಕೆಲಸವಲ್ಲ, ದವಡೆಯ ಶಸ್ತ್ರವೈದ್ಯರನ್ನು ಕಾಣಿರಿ” ಎಂದರು. ಹೀಗೆ ಹೇಳಬಲ್ಲ ವೈದ್ಯರ ಮೇಲೆ ನನಗೆ ಗೌರವವುಂಟು. ಕೆಳದವಡೆಯ ಎಲುಬಿನೊಳಗೆ ಒಂದು ಕಾಲುವೆಯಿದೆ. ಅದರಲ್ಲಿ ಹರಿಯುವ ನರವು ಮುಂದೆ ಹೊರಬಿದ್ದು ಕೆಳದುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಅವಳ ಹಲ್ಲಿನ ಬೇರುಗಳು ಈ ಕಾಲುವೆಗೆ ತಗುಲಿಕೊಂಡಿದ್ದುವು. ನಾಲಗೆಯ ನರವೂ ಅಲ್ಲಿಯೇ ಒಳಮಗ್ಗುಲಿನಲ್ಲಿ ಹಾದುಹೋಗುತ್ತದೆ. ಕೀಳುವಾಗ ನರಕ್ಕೆ ಪೆಟ್ಟಾದರೆ ತುಟಿ ಜೋಮುಗಟ್ಟುತ್ತದೆ. ಹೆಚ್ಚಿನವರಲ್ಲಿ ಅದು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಸರಿಹೋಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ತುಟಿ ಆಡುತ್ತದೆ, ನಗುತ್ತದೆ. ತನಗೆ ಏನು ತಾಗಿತೆಂಬುದು ಮಾತ್ರ ಅದಕ್ಕೆ ತಿಳಿಯುವುದಿಲ್ಲ. ನನ್ನಂತಹ ಗುಮಾಸ್ತೆಗೆ ಇದು ಕಾಫಿ ಕುಡಿಯುವಾಗಿನ ತೊಡಕು. ಕೊಳಲಿನ ರಂಧ್ರವನ್ನು ಕೆಳದುಟಿಯ ಸ್ಪರ್ಶದಿಂದಲೇ ಕಂಡುಕೊಳ್ಳುವವಳಿಗೆ ಅದು ಜೀವನೋಪಾಯದ ಪ್ರಶ್ನೆ.

ಶಸ್ತ್ರವೈದ್ಯರು ಮೂರು ಆಯಾಮದ ಚಿತ್ರವನ್ನು ತೆಗೆಯಿಸಿದರು. ಹುಡುಗಿ ತನ್ನ ಕಸಬನ್ನು ಮೊದಲು ಹೇಳಿರಲಿಲ್ಲ. ಹಲ್ಲಿನ ವೈದ್ಯರಿಗೆ ಸಂಗೀತವೇಕೆಂದು ಅವಳ ಭಾವನೆ. ನಾನು ಸೂಚಿಸಿದ ಮೇಲೆ ಹೇಳಿದಳು. ವೈದ್ಯರು ಲೇಖನಿಯನ್ನು ಕೆಳಗಿಟ್ಟು, ಬೇರೊಂದು ಮಾರ್ಗವನ್ನು ವಿವರಿಸಿದರು. ಹಲ್ಲಿನ ಮೇಲ್ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಬೇರುಗಳನ್ನು ಎಲುಬಿನಲ್ಲಿಯೇ ಬಿಟ್ಟು, ವಸಡನ್ನು ಹೊಲಿಯುವುದು; ಇದಕ್ಕೆ ಕರೊನೆಕ್ಟಮಿ ಎಂದು ಹೆಸರು. ಬೇರಿಗೆ ರೋಗ ತಗುಲಿರಬಾರದು, ಕತ್ತರಿಸುವಾಗ ಬೇರು ಅಲುಗಾಡಿದರೆ ಪೂರ್ತಿ ತೆಗೆಯಲೇಬೇಕಾಗುತ್ತದೆ, ಮುಂದೆ ಬೇರುಗಳು ಮೇಲಕ್ಕೆ ಸರಿದು ಕೆಲವರಿಗೆ ಎರಡನೆಯ ಸಲ ಶಸ್ತ್ರಕ್ರಿಯೆ ಬೇಕಾಗುವುದುಂಟು, ಎಂದು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವಳು ಹೊರಗೆ ಬಂದು, “ಚಿಕ್ಕಪ್ಪ, ಎರಡು ಸಲ ಕೊಯ್ಯಿಸಿಕೊಂಡರೂ ಚಿಂತೆಯಿಲ್ಲ, ತುಟಿಯೊಂದು ಉಳಿಯಲಿ” ಎಂದಳು.

ವೈದ್ಯರಿಗೆ ಹೇಳಬೇಕಾದ ಸಂಗತಿಗಳು ಇನ್ನೂ ಇವೆ. ಸಕ್ಕರೆಯ ರೋಗವನ್ನು ಮರೆಮಾಚುವುದು ನಮ್ಮಲ್ಲಿ ಅನೇಕರ ಅಭ್ಯಾಸ. ರಕ್ತವನ್ನು ತೆಳುವಾಗಿಸುವ ಔಷಧ, ಎಲುಬಿನ ಸವೆತಕ್ಕೆ ಕೊಡುವ ಔಷಧ, ಹಿಂದೆ ಯಾವುದಾದರೂ ಮದ್ದಿನಿಂದ ಮೈಮೇಲೆ ದದ್ದು ಎದ್ದುದು, ಗರ್ಭಿಣಿಯಾಗಿರುವುದು, ಇವನ್ನೆಲ್ಲ ಕೇಳದಿದ್ದರೂ ಹೇಳಬೇಕು. ಹೃದ್ರೋಗಕ್ಕೆಂದು ತೆಗೆದುಕೊಳ್ಳುವ ಗುಳಿಗೆಯನ್ನು ಹಲ್ಲಿನ ಸಲುವಾಗಿ ತಾವಾಗಿಯೇ ನಿಲ್ಲಿಸುವ ಮಹನೀಯರಿದ್ದಾರೆ. ಹಲ್ಲಿನ ಗಾಯದ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು, ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಹಾಗೆ ಕರಗಿಸಲಾಗದು. ವಸಡಿಗೆ ಮಾತ್ರ ಸೂಜಿಮದ್ದಾದರೆ ಸಾಮಾನ್ಯವಾಗಿ ಉಂಡು ಹೋಗಬೇಕು, ಸಕ್ಕರೆಯ ರೋಗಿಗಳಂತೂ ಹಸಿದು ಹೋಗಲೇಬಾರದು. ಪೂರ್ತಿ ಪ್ರಜ್ಞೆ ತಪ್ಪಿಸುವುದಾದರೆ ವೈದ್ಯರು ಹೇಳಿದಷ್ಟು ಹೊತ್ತು ಉಪವಾಸವಿದ್ದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು.

ನೋವಿನ ಭಯವನ್ನು ಕುರಿತು ಎರಡು ಮಾತು. ೧೮೪೪ನೆಯ ಇಸವಿಯ ಡಿಸೆಂಬರ್ ೧೧ರಂದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇದಿ, ತನ್ನ ಹಲ್ಲನ್ನೇ ಕೀಳಿಸಿಕೊಂಡು, ನೋವಿಲ್ಲದೆ ಎದ್ದನು. ಈಗ ವಸಡಿಗೆ ಚುಚ್ಚುವ ಲಿಗ್ನೊಕೇನ್ ಮದ್ದನ್ನು ೧೯೪೩ರಲ್ಲಿ ಸ್ವೀಡನ್ ದೇಶದ ನಿಲ್ಸ್ ಲಾಫ್‌ಗ್ರೆನ್ ಸಿದ್ಧಪಡಿಸಿದನು. ಆದರೆ ಮದ್ದು ನೋವನ್ನು ಮಾತ್ರ ಅಳಿಸುತ್ತದೆ. ಒತ್ತುವುದು, ಅಲುಗಿಸುವುದು, ಹಲ್ಲು ಸೀಳುವ ಸದ್ದು, ಇವು ತಿಳಿಯುತ್ತವೆ. ಇದನ್ನು ಮೊದಲೇ ಅರಿಯದವರು ಮದ್ದು ಹತ್ತಲಿಲ್ಲವೆಂದು ಗಾಬರಿಗೊಳ್ಳುತ್ತಾರೆ.

ಶಸ್ತ್ರಕ್ರಿಯೆ ಬೆಳಗ್ಗೆ ಹತ್ತು ಗಂಟೆಗೆ ಮುಗಿಯಿತು, ಬೇರುಗಳು ಅಲುಗಲಿಲ್ಲ. ಮನೆಗೆ ಬಂದ ಮೇಲೆ ನಿಜವಾದ ಕಲಹ ನಡೆದುದು ನನ್ನ ತಾಯಿಯವರೊಡನೆ. ಹಲ್ಲು ಹೋದ ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಗಾಯಕ್ಕೆ ಹೊದಿಕೆ. ಅದು ಕಿತ್ತುಬಂದರೆ ಎಲುಬು ಬರಿದಾಗಿ, ಎರಡನೆಯ ಮೂರನೆಯ ದಿನಕ್ಕೆ ಕಿವಿಯವರೆಗೆ ಹಬ್ಬುವ ಯಾತನೆ ಹುಟ್ಟುತ್ತದೆ. ಆದ್ದರಿಂದ ಮೊದಲ ದಿನ ಉಗುಳಬಾರದು, ಮುಕ್ಕಳಿಸಬಾರದು, ನಳಿಕೆಯಿಂದ ಹೀರಬಾರದು. ಹೊಗೆಸೊಪ್ಪಿನ ಸಹವಾಸವಂತೂ ದಿನಗಟ್ಟಲೆ ಬೇಡ. “ಉಂಡು ಬಾಯಿ ಮುಕ್ಕಳಿಸದೆ ಏಳುವುದೆಂದರೇನೇ? ಎಂಜಲಲ್ಲವೆ?” ಎಂದು ಅಮ್ಮನ ಆಕ್ಷೇಪ. ಕಡೆಗೆ ಹುಡುಗಿಯೇ ಉಪಾಯ ಕಂಡುಕೊಂಡಳು: ನೀರನ್ನು ಬಾಯಲ್ಲಿ ತುಂಬಿಕೊಂಡು, ತಲೆ ಬಗ್ಗಿಸಿ, ತಾನಾಗಿ ಸುರಿದುಹೋಗಲು ಬಿಡುವುದು. ಶಾಸ್ತ್ರವೂ ಉಳಿಯಿತು, ಹೆಪ್ಪೂ ಉಳಿಯಿತು. ಕೆನ್ನೆಗೆ ಬಿಸಿ ಶಾಖ ಕೊಡಬೇಕೆಂದು ಅಮ್ಮ ಹೊರಟಾಗ ಮಾತ್ರ ಕಟ್ಟುನಿಟ್ಟಾಗಿ ತಡೆದೆವು. ಮೊದಲ ದಿನ ಹೊರಗಿನಿಂದ ತಣ್ಣನೆಯ ಪಟ್ಟಿಯೇ ಯೋಗ್ಯ. ಬಾವು ಎರಡು ಮೂರನೆಯ ದಿನಕ್ಕೆ ಏರಿ ಆಮೇಲೆ ಇಳಿಯುತ್ತದೆ. ಮರುದಿನದಿಂದ ಬೆಚ್ಚನೆಯ ಉಪ್ಪುನೀರು. ಊಟಕ್ಕೆ ಆರಿದ ಗಂಜಿ, ಮೆತ್ತಗಿನ ಅನ್ನ, ಒಗ್ಗರಣೆಯಿಲ್ಲದ ಸಾರು. ಗುಳಿಯಲ್ಲಿ ಸಿಕ್ಕಿಕೊಳ್ಳಲು ಸಾಸಿವೆಯಂತಹ ದುಷ್ಟ ವಸ್ತು ಇನ್ನೊಂದಿಲ್ಲ. ದಿನ ಕಳೆದಂತೆ ಬಾವು ಇಳಿಯದೆ ಏರಿದರೆ, ಜ್ವರ ಬಂದರೆ, ಬೇಗ ವೈದ್ಯರ ಬಳಿಗೆ ಹೋಗಬೇಕು. ಗದ್ದದ ಕೆಳಗೆ ಬಾತು ನುಂಗುವುದಕ್ಕೋ ಉಸಿರಾಟಕ್ಕೋ ಕಷ್ಟವಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಓಡಬೇಕು.

ಸೂಜಿಮದ್ದಿನಿಂದಲೇ ತುಟಿ ಕೆಲವು ಗಂಟೆ ಮರಗಟ್ಟಿರುವುದು ಸಹಜ. ಅಷ್ಟು ಹೊತ್ತು ಅವಳು ಯಾರೊಡನೆಯೂ ಮಾತಾಡಲಿಲ್ಲ. ಎರಡು ಗಂಟೆಯ ಸುಮಾರಿಗೆ ಗದ್ದದಲ್ಲಿ ಇರುವೆ ಹರಿದಂತಾಯಿತೆಂದಳು. ಮೂರಕ್ಕೆ ಹತ್ತಿಯ ಎಳೆಯೊಂದನ್ನು ತೆಗೆದುಕೊಂಡು ಕೆಳದುಟಿಯ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎಳೆದು ನೋಡಿಕೊಂಡಳು. ಎಲ್ಲೆಡೆಯೂ ತಿಳಿಯಿತು. ಊದುವುದಕ್ಕೆ ವೈದ್ಯರು ಅನುಮತಿ ಕೊಟ್ಟುದು ಮೂರು ವಾರಗಳ ಮೇಲೆ. ವರ್ಷ ಕಳೆದು ತೆಗೆದ ಚಿತ್ರದಲ್ಲಿ ಬೇರುಗಳು ಕಾಲುವೆಯಿಂದ ಸ್ವಲ್ಪ ಮೇಲಕ್ಕೆ ಸರಿದಿದ್ದುವು. ಎಡಗಡೆಯ ಬುದ್ಧಿಹಲ್ಲು ಎಲುಬಿನೊಳಗೆ ತೆಪ್ಪಗೆ ಮಲಗಿದೆ; ಇದುವರೆಗೆ ಬಾತಿಲ್ಲ, ನೋಯಿಸಿಲ್ಲ. ಅದನ್ನು ಯಾರೂ ಮುಟ್ಟಿಲ್ಲ.